ಓದುಗರ ಪ್ರಶ್ನೆ: ಸ್ವಾಲ್‌ಬಾರ್ಡ್‌ಗೆ ವೀಸಾ ಬೇಡವಂತೆ, ಹೌದಾ?

ನಾರ್ವೆಗೂ ಉತ್ತರ ಧ್ರುವಕ್ಕೂ ನಡುವೆ ಇರುವ ಸ್ವಾಲ್‌ಬಾರ್ಡ್ ದ್ವೀಪಸಮೂಹದ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಹೆಚ್ಚಿನವರದು ವೀಸಾ ಗೊಂದಲ. ಅದನ್ನೇ ಮೊದಲು ಮುಗಿಸೋಣ.

ಪ್ರಶ್ನೆ: 'ಭಾರತೀಯರಿಗೆ ವೀಸಾ ಬೇಡದ ಜಾಗ' ಎಂದು ವಿಡಿಯೊಗಳಲ್ಲಿ ಸ್ವಾಲ್‌ಬಾರ್ಡ್ ಹೆಸರು ಹೇಳುತ್ತಾರೆ. ಪಾಸ್‌ಪೋರ್ಟ್ ಒಂದಿದ್ದರೆ ಸಾಕೇ?
— ಓದುಗರು, ದಾವಣಗೆರೆ

ಉತ್ತರ: ಅರ್ಧ ನಿಜ. ಆ ಅರ್ಧವನ್ನು ನಂಬಿ ಟಿಕೆಟ್ ತೆಗೆದರೆ ಕೆಟ್ಟಿರಿ. ಸ್ವಾಲ್‌ಬಾರ್ಡ್ ನಾರ್ವೆಯದೇ ಆದರೂ ಷೆಂಗೆನ್ ವಲಯದ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪು) ಹೊರಗಿದೆ. ಅಲ್ಲಿಗೆ ಕಾಲಿಡಲು ವೀಸಾ ಬೇಡ. ಆದರೆ ಪ್ರವಾಸಿಗರ ವಿಮಾನಗಳು ಹೊರಡುವುದು ನಾರ್ವೆಯ ಓಸ್ಲೊ ಇಲ್ಲವೇ ಟ್ರೊಮ್ಸೊದಿಂದ. ಆ ಊರುಗಳಿಗೆ ಬರಲು ಷೆಂಗೆನ್ ವೀಸಾ ಬೇಕೇ ಬೇಕು.

ಎಡವುವುದು ಎರಡನೇ ಹೆಜ್ಜೆಯಲ್ಲಿ. ಬೆಂಗಳೂರಿನಿಂದ ದೋಹಾ ಮೂಲಕ ಓಸ್ಲೊಗೆ ಬಂದಿರಿ ಅನ್ನಿ, ಅದು ಮೊದಲ ಪ್ರವೇಶ. ಸ್ವಾಲ್‌ಬಾರ್ಡ್‌ನ ಮುಖ್ಯ ಊರಾದ ಲಾಂಗ್‌ಇಯರ್‌ಬೆನ್‌ಗೆ ವಿಮಾನ ಹತ್ತುವಾಗ ಪಾಸ್‌ಪೋರ್ಟ್ ತಪಾಸಣೆ ಆಗುತ್ತದೆ. ಅಲ್ಲಿಗೆ ನೀವು ಷೆಂಗೆನ್ ಬಿಟ್ಟ ಲೆಕ್ಕ. ವಾಪಸ್ ಓಸ್ಲೊಗೆ ಇಳಿದರೆ ಎರಡನೇ ಪ್ರವೇಶ. ವೀಸಾ ಸಿಂಗಲ್ ಎಂಟ್ರಿ ಆಗಿದ್ದರೆ ಅದು ಮೊದಲ ದಿನವೇ ಮುಗಿದಿರುತ್ತದೆ, ಹಿಂತಿರುಗುವ ದಾರಿಯೇ ಇರುವುದಿಲ್ಲ. ಹಾಗಾಗಿ ಅರ್ಜಿಯಲ್ಲೇ ಎರಡು ಅಥವಾ ಹಲವು ಪ್ರವೇಶದ ವೀಸಾ ಕೇಳಿ. ಜೊತೆಗಿಡುವ ಪತ್ರದಲ್ಲಿ ದಿನಾಂಕ ಸಮೇತ 'ಓಸ್ಲೊ, ಲಾಂಗ್‌ಇಯರ್‌ಬೆನ್, ಓಸ್ಲೊ' ಎಂದು ಬರೆದು ಟಿಕೆಟ್ ಕಾಯ್ದಿರಿಸಿದ ಪ್ರತಿ ಲಗತ್ತಿಸಿ. ಪಾಸ್‌ಪೋರ್ಟ್ ಕೈಗೆ ಬಂದ ಕೂಡಲೇ ಸ್ಟಿಕ್ಕರ್ ಮೇಲಿನ ಪ್ರವೇಶದ ಸಂಖ್ಯೆ ನೋಡಿ. 1 ಎಂದಿದ್ದರೆ ಆಗಲೇ ವಿಚಾರಿಸಿ, ವಿಮಾನ ನಿಲ್ದಾಣದಲ್ಲಿ ಅಲ್ಲ.

ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ವಿಮೆ ಕನಿಷ್ಠ 30,000 ಯೂರೊದ್ದು ಇರಬೇಕು. ಆದರೆ ಆ ಪಾಲಿಸಿ ಸ್ವಾಲ್‌ಬಾರ್ಡ್‌ಗೂ ಅನ್ವಯಿಸುತ್ತದೆಯೇ, ರೋಗಿಯನ್ನು ವಿಮಾನದಲ್ಲಿ ಸಾಗಿಸುವ ಖರ್ಚು ಸೇರಿದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಅಲ್ಲಿರುವುದು ಚಿಕ್ಕ ಆಸ್ಪತ್ರೆ. ಗಂಭೀರವಾದರೆ ಟ್ರೊಮ್ಸೊಗೆ ಒಯ್ಯುತ್ತಾರೆ. ಮಂಜು, ಗಾಳಿಗೆ ವಿಮಾನ ತಡವಾಗುವುದು ಮಾಮೂಲು, ಆದ್ದರಿಂದ ಊರಿಗೆ ಹೊರಡುವ ಮುನ್ನ ಓಸ್ಲೊದಲ್ಲಿ ಒಂದು ರಾತ್ರಿ ಕೈಯಲ್ಲಿಟ್ಟುಕೊಳ್ಳಿ.

ಪ್ರಶ್ನೆ: ನಾವು ಜರ್ಮನಿಯಲ್ಲಿ ವಾಸಿಸುತ್ತಿದ್ದೇವೆ, ರೆಸಿಡೆನ್ಸ್ ಪರ್ಮಿಟ್ ಇದೆ. ನಮಗೂ ಇದೇ ತೊಂದರೆಯೇ?
— ಓದುಗರು, ಮ್ಯೂನಿಕ್

ಉತ್ತರ: ಇಲ್ಲ. ಪರ್ಮಿಟ್ ಚಾಲ್ತಿಯಲ್ಲಿದ್ದರೆ ಬೇರೆ ವೀಸಾ ಬೇಡ. ಆದರೆ ಕಾರ್ಡ್ ಮಾತ್ರ ಜೇಬಿಗೆ ಹಾಕಿಕೊಂಡು ಹೊರಡಬೇಡಿ, ಪಾಸ್‌ಪೋರ್ಟ್ ಜೊತೆಗಿರಲಿ.

ಪ್ರಶ್ನೆ: ಯಾವ ತಿಂಗಳು ಒಳ್ಳೆಯದು? ಹಿಮಕರಡಿ, ಅರೋರಾ (ಧ್ರುವದ ಆಕಾಶದ ಬಣ್ಣದ ಬೆಳಕು), ಮಧ್ಯರಾತ್ರಿಯ ಸೂರ್ಯ ಮೂರೂ ಒಂದೇ ಸಲ ಸಿಗಬೇಕು.
— ಓದುಗರು, ಹುಬ್ಬಳ್ಳಿ

ಉತ್ತರ: ಮೂರೂ ಒಟ್ಟಿಗೆ ಸಿಗುವುದಿಲ್ಲ, ಅದನ್ನು ಮಾರುವವರನ್ನು ನಂಬಬೇಡಿ. ಲಾಂಗ್‌ಇಯರ್‌ಬೆನ್‌ನಲ್ಲಿ ಏಪ್ರಿಲ್ 20ರ ಸುಮಾರಿನಿಂದ ಆಗಸ್ಟ್ 23ರ ಸುಮಾರಿನವರೆಗೆ ಸೂರ್ಯ ಮುಳುಗುವುದೇ ಇಲ್ಲ. ಅಷ್ಟು ಬೆಳಕಿನಲ್ಲಿ ಅರೋರಾ ಎಲ್ಲಿ ಕಾಣಬೇಕು? ನವೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ ಮಧ್ಯಾಹ್ನವೂ ಕತ್ತಲೆ, ಅರೋರಾ ಹಗಲಿನಲ್ಲೂ ಕಾಣಬಹುದು. ಆದರೆ ಅರೋರಾ ಒಂದೇ ಗುರಿಯಾದರೆ ಟ್ರೊಮ್ಸೊ ವಾಸಿ, ಖರ್ಚೂ ಕಡಿಮೆ.

ನಮ್ಮನ್ನು ಕೇಳಿದರೆ ಮಾರ್ಚ್ ಕೊನೆ, ಏಪ್ರಿಲ್ ಮೊದಲು. ನೆಲ ಪೂರ್ತಿ ಹಿಮ, ಸ್ನೋಮೊಬೈಲ್ (ಹಿಮದ ಮೇಲಿನ ಮೋಟಾರು ಬಂಡಿ) ಓಡುತ್ತದೆ, ಬೆಳಕೂ ಸಾಕಷ್ಟು. ಚಳಿ ಮೈನಸ್ 10ರಿಂದ 20. ಜುಲೈನಲ್ಲಿ ಸರಾಸರಿ 6-7 ಡಿಗ್ರಿ, ಆಗ ದೋಣಿಯ ಕಾಲ: ಹಿಮನದಿಯ ಅಂಚು, ವಾಲ್ರಸ್, ಹಕ್ಕಿಗಳ ಬಂಡೆ. ತಪ್ಪಿಸಬೇಕಾದ್ದು ಮೇ ಎರಡನೇ ಅರ್ಧ. ಹಿಮ ಕರಗಿ ಕೆಸರಾಗಿರುತ್ತದೆ, ಸ್ನೋಮೊಬೈಲೂ ಇಲ್ಲ, ದೋಣಿಗೆ ಮಂಜುಗಡ್ಡೆ ಅಡ್ಡ. ಇನ್ನು ಹಿಮಕರಡಿಗೆ ಯಾರೂ ಗ್ಯಾರಂಟಿ ಕೊಡಲಾರರು.

ಪ್ರಶ್ನೆ: ಟ್ರೆಕ್ಕಿಂಗ್ ಅಭ್ಯಾಸವಿದೆ. ಗೈಡ್ ಇಲ್ಲದೆ ನಾವೇ ಸುತ್ತಾಡಬಹುದೇ?
— ಓದುಗರು, ಚಿಕ್ಕಮಗಳೂರು

ಉತ್ತರ: ಊರೊಳಗೆ ಧಾರಾಳವಾಗಿ. ಊರ ಅಂಚಿನಲ್ಲಿ ಕೆಂಪು ಅಂಚಿನ ತ್ರಿಕೋನದ ಫಲಕವಿದೆ, ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಕರಡಿ. 'ಇಡೀ ಸ್ವಾಲ್‌ಬಾರ್ಡ್‌ಗೆ ಅನ್ವಯ' ಎಂದು ಅದರ ಕೆಳಗೆ ಬರೆದಿರುತ್ತದೆ. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು ವಾಪಸ್ ಬನ್ನಿ. ವಸತಿಯ ಹೊರಗೆ ಹೋಗುವವರ ಬಳಿ ಕರಡಿಯನ್ನು ಹೆದರಿಸಿ ಓಡಿಸುವ ಸಾಧನ ಇರಲೇಬೇಕೆಂಬುದು ಕಾನೂನು. ಬಂದೂಕೂ ಇರಲಿ ಎಂಬುದು ಗವರ್ನರ್ ಕಚೇರಿಯ ಸಲಹೆ. ಬಾಡಿಗೆಗೆ ಬಂದೂಕು ಬೇಕೆಂದರೂ ಅದೇ ಕಚೇರಿಯ ಅನುಮತಿ ಬೇಕು.

ಸಾಧನ ಇದ್ದರಷ್ಟೇ ಸಾಲದು. ಹೆದರಿಸಲು ಬಳಸುವ ಸಿಗ್ನಲ್ ಪಿಸ್ತೂಲಿನ (ಸದ್ದು, ಬೆಳಕಿನ ಗುಂಡು ಹಾರಿಸುವ ಪಿಸ್ತೂಲು) ಗುಂಡು ನಿಮ್ಮ ಮತ್ತು ಕರಡಿಯ ನಡುವೆ ಸಿಡಿಯಬೇಕು. ಗಾಬರಿಯಲ್ಲಿ ಎತ್ತರಕ್ಕೆ ಹೊಡೆದರೆ ಅದು ಕರಡಿಯ ಬೆನ್ನ ಹಿಂದೆ ಬಿದ್ದು ಸಿಡಿಯುತ್ತದೆ, ಬೆದರಿದ ಕರಡಿ ನಿಮ್ಮ ಕಡೆಗೇ ಓಡಿ ಬರುತ್ತದೆ. ಮುಳ್ಳಯ್ಯನಗಿರಿ ಹತ್ತಿದ ಕಾಲಿನ ಕಸುವು ಇಲ್ಲಿ ಕೆಲಸಕ್ಕೆ ಬಾರದು, ಗೈಡ್ ಮಾಡಿಕೊಳ್ಳಿ. 2025ರ ಜನವರಿಯಿಂದ ಕರಡಿಗೆ 300 ಮೀಟರ್‌ಗಿಂತ ಹತ್ತಿರ ಹೋಗುವಂತಿಲ್ಲ, ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್. ಇನ್ನೊಂದು: 1946ಕ್ಕಿಂತ ಹಿಂದಿನ ಮನುಷ್ಯರ ಕುರುಹು ಎಲ್ಲವೂ ಸಂರಕ್ಷಿತ. ತುಕ್ಕು ಹಿಡಿದ ಮೊಳೆಯನ್ನೂ ನೆನಪಿಗೆಂದು ಎತ್ತಿಕೊಳ್ಳಬೇಡಿ.

ಪ್ರಶ್ನೆ: ಎಷ್ಟು ಸ್ವೆಟರ್ ಬೇಕು?
— ಓದುಗರು, ಮಂಡ್ಯ

ಉತ್ತರ: ಎಷ್ಟು ಅನ್ನುವುದಕ್ಕಿಂತ ಯಾವುದು ಅನ್ನುವುದು ಮುಖ್ಯ. ಮೈಗೆ ತಾಗುವ ಪದರ ಮೆರಿನೊ ಉಣ್ಣೆ, ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಹತ್ತಿ ಬನಿಯನ್ ಊರಲ್ಲೇ ಬಿಡಿ. ಬೆವರು ಹೀರಿ ಒದ್ದೆಯಾಗಿ ಮೈ ತಣ್ಣಗಾಗಿಸುತ್ತದೆ. ಕಾಲು ಮರಗಟ್ಟಲು ಮುಖ್ಯ ಕಾರಣ ಬಿಗಿ ಬೂಟು. ಮೂರು ಜೊತೆ ಕಾಲುಚೀಲ ತುರುಕಿದರೆ ರಕ್ತ ಓಡುವುದಿಲ್ಲ. ಒಂದು ಸೈಜ್ ದೊಡ್ಡ ಬೂಟು ತಗೊಂಡು, ಒಂದು ತೆಳು ಒಂದು ದಪ್ಪ ಕಾಲುಚೀಲ ಹಾಕಿ, ಒಳಗೆ ಬೆರಳು ಆಡುವಂತಿರಲಿ. ಸ್ನೋಮೊಬೈಲ್ ಪ್ರವಾಸಕ್ಕೆ ದಪ್ಪ ಸೂಟು, ಬೂಟು, ಹೆಲ್ಮೆಟ್ಟನ್ನು ಸಾಮಾನ್ಯವಾಗಿ ಕಂಪನಿಯವರೇ ಕೊಡುತ್ತಾರೆ. ಕೊಳ್ಳುವ ಮುನ್ನ ಕೇಳಿ.

ಏಪ್ರಿಲ್‌ನಲ್ಲಿ ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಬೇಕು. ಹೊರಗಿನಿಂದ ಬರುವಾಗ ಕ್ಯಾಮೆರಾವನ್ನು ಬಾಗಿಲ ಹೊರಗೇ ಜಿಪ್ ಕವರಿಗೆ ಹಾಕಿ, ಒಳಗೆ ತಂದು ಒಂದೆರಡು ಗಂಟೆ ತೆರೆಯಬೇಡಿ. ಇಲ್ಲವಾದರೆ ಲೆನ್ಸಿನೊಳಗೇ ನೀರು ಕಟ್ಟುತ್ತದೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಮನೆಯಿಂದ ಏನು ಒಯ್ಯಬಹುದು?
— ಓದುಗರು, ಉಡುಪಿ

ಉತ್ತರ: ಚಟ್ನಿಪುಡಿ, ಅವಲಕ್ಕಿ, ಎಣ್ಣೆಯಲ್ಲಿ ಹುರಿದ ರವೆಯ ಉಪ್ಪಿಟ್ಟಿನ ಮಿಕ್ಸ್ ಸರಿ. ತುಪ್ಪ, ಪೇಡ, ಹಾಲಿನ ಪುಡಿ ಬೇಡ. ಯೂರೋಪಿನ ಹೊರಗಿನಿಂದ ಹಾಲಿನ ಪದಾರ್ಥ ತರುವುದನ್ನು ನಾರ್ವೆ ನಿಷೇಧಿಸಿದೆ. ಲಾಂಗ್‌ಇಯರ್‌ಬೆನ್‌ನ ಸೂಪರ್‌ಮಾರ್ಕೆಟ್‌ನಲ್ಲಿ ಹಾಲು, ಮೊಸರು, ಬ್ರೆಡ್, ತರಕಾರಿ ಸಿಗುತ್ತವೆ. ಅಡುಗೆಮನೆ ಇರುವ ವಸತಿ ಹಿಡಿದರೆ ಅರ್ಧ ಚಿಂತೆ ತೀರಿತು.

ಪ್ರಶ್ನೆ: ಭಾರತದ 'ಹಿಮಾದ್ರಿ' ಸಂಶೋಧನಾ ಕೇಂದ್ರವನ್ನು ನೋಡಬಹುದೇ? ನಾನು ಎಂ.ಎಸ್ಸಿ. ವಿದ್ಯಾರ್ಥಿನಿ.
— ಓದುಗರು, ಮಂಗಳೂರು

ಉತ್ತರ: 2008ರಲ್ಲಿ ಶುರುವಾದ ಹಿಮಾದ್ರಿ ಇರುವುದು ನೀ-ಒಲೆಸುಂಡ್ ಎಂಬ ಸಂಶೋಧಕರ ಪುಟ್ಟ ವಸತಿಯಲ್ಲಿ. ಲಾಂಗ್‌ಇಯರ್‌ಬೆನ್‌ನಿಂದ ಅಲ್ಲಿಗೆ ರಸ್ತೆ ಇಲ್ಲ. ಬೇಸಿಗೆಯ ಕೆಲವು ಹಡಗುಗಳು ಅಲ್ಲಿ ನಿಲ್ಲುತ್ತವೆ. ರಸ್ತೆ ಬಿಟ್ಟು ಇಳಿಯದೆ ಹೊರಗಿನಿಂದ ಕಟ್ಟಡ ನೋಡಬಹುದು. ರೇಡಿಯೊ ಉಪಕರಣಗಳಿಗೆ ಅಡ್ಡಿಯಾಗದಂತೆ ಹಡಗಿನಲ್ಲೇ ವೈಫೈ, ಬ್ಲೂಟೂತ್ ಆರಿಸಬೇಕು. ಸ್ಮಾರ್ಟ್ ವಾಚ್ ಮರೆಯಬೇಡಿ. ಕೆಲಸಕ್ಕೆಂದೇ ಹೋಗಬೇಕಾದರೆ ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಆರ್ಕ್ಟಿಕ್ ಯೋಜನೆಗಳಿಗೆ ಪ್ರಸ್ತಾವ ಕರೆಯುತ್ತದೆ. ನಿಮ್ಮ ಮಾರ್ಗದರ್ಶಕರ ಜೊತೆ ಸೇರಿ ಅದರ ಪ್ರಕಟಣೆಗೆ ಕಾದಿರಿ.

ಪ್ರಶ್ನೆ: ಬೀಜಗಳ ಉಗ್ರಾಣದ ಒಳಗೆ ಬಿಡುತ್ತಾರೆಯೇ?
— ಓದುಗರು, ರಾಯಚೂರು

ಉತ್ತರ: ಇಲ್ಲ, ಲೋಕದ ಬೆಳೆಗಳ ಬೀಜ ಕಾಪಾಡುವ ಆ ಉಗ್ರಾಣದ ಬಾಗಿಲ ತನಕ ಮಾತ್ರ. ಹೈದರಾಬಾದಿನ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಕಳಿಸಿದ ಜೋಳ, ಸಜ್ಜೆ, ಕಡಲೆಯ ಬೀಜಗಳೂ ಒಳಗೆ ಮೈನಸ್ 18 ಡಿಗ್ರಿಯಲ್ಲಿವೆ.