ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಆಫೆನ್ಸಿವ್ ಲೈನ್ ಬಗ್ಗೆ ಅಭಿಮಾನಿಗಳಿಗೆ ಇಷ್ಟೊಂದು ತಲೆಬಿಸಿ ಯಾಕೆ? ಅದು ಚೆನ್ನಾಗಿದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಓದಲು ಕೊಲಂಬಸ್‌ಗೆ ಬಂದಿದ್ದೀರಿ, ಇಲ್ಲಿನ ವಿಶ್ವವಿದ್ಯಾಲಯದ ತಂಡ ಒಹಾಯೊ ಸ್ಟೇಟ್ ಆಡುವ ಪಂದ್ಯ ನೋಡುವ ರೂಢಿ ಹತ್ತಿದೆ. ಆದರೆ ಜೊತೆಯವರೆಲ್ಲ ಚೆಂಡನ್ನು ಹಿಡಿದು ಓಡುವವರನ್ನು ಬಿಟ್ಟು, ಚೆಂಡೇ ಸಿಗದ, ಎದುರಾಳಿಗಳನ್ನು ತಡೆಯುವುದೇ ಕೆಲಸವಾದ ಐದು ದಢೂತಿ ಆಳುಗಳ (ಇವರೇ ಆಫೆನ್ಸಿವ್ ಲೈನ್) ಬಗ್ಗೆ ವರ್ಷವಿಡೀ ಗೊಣಗುತ್ತಾರೆ. ಯಾಕೆ, ಮತ್ತು ನೀವೇ ಅದನ್ನು ಅಳೆಯುವುದು ಹೇಗೆ?

ಅವರ ಚಿಂತೆ ಸರಿಯಾದದ್ದೇ. ಬೈಗುಳ ಮಾತ್ರ ಬಹಳ ಸಲ ತಪ್ಪು ವಿಳಾಸಕ್ಕೆ ಹೋಗುತ್ತದೆ. ಲೈನಿಗೆ ಇರುವ ಶಕ್ತಿ ಬೇರೆ, ಅದಕ್ಕೆ ಹೇಳಿದ ಕೆಲಸ ಬೇರೆ. ಇವೆರಡನ್ನೂ ಬಿಡಿಸಿ ನೋಡುವುದಕ್ಕೆ 2024ರ ಒಹಾಯೊ ಸ್ಟೇಟ್ ತಂಡವೇ ಸಾಕು. ನವೆಂಬರ್ 30ರಂದು ಬದ್ಧ ಎದುರಾಳಿ ಮಿಶಿಗನ್ ಎದುರು ತವರಿನಲ್ಲೇ 13-10ರಿಂದ ಸೋತಾಗ ಊರಿಗೆ ಊರೇ ಆ ಲೈನಿಗೆ ಉಗಿಯಿತು. ಏಳು ವಾರ ಕಳೆದು, 2025ರ ಜನವರಿ 20ರಂದು, ಹೆಚ್ಚುಕಡಿಮೆ ಅದೇ ಆಟಗಾರರ ಹಿಂದೆ ನಿಂತು ತಂಡ ನೋಟರ್ ಡೇಮನ್ನು 34-23ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಏಳು ವಾರದಲ್ಲಿ ಯಾರ ತೋಳೂ ಎರಡು ಪಟ್ಟು ದಪ್ಪವಾಗುವುದಿಲ್ಲ.

ಮೊದಲು ಯಾರು ಎಲ್ಲಿ ನಿಲ್ಲುತ್ತಾರೆ ಅನ್ನುವುದು. ನಡುವೆ ಸೆಂಟರ್, ಅವನ ಎರಡು ಪಕ್ಕ ಗಾರ್ಡ್‌ಗಳು, ಎರಡು ತುದಿಯಲ್ಲಿ ಟ್ಯಾಕಲ್‌ಗಳು. (ಟ್ಯಾಕಲ್ ಅನ್ನುವ ಹೆಸರು ದಾರಿ ತಪ್ಪಿಸುತ್ತದೆ, ಇವರು ಯಾರನ್ನೂ ಕೆಡವುವವರಲ್ಲ.) ಅಂಗಿಯ ಮೇಲೆ 50ರಿಂದ 79ರೊಳಗಿನ ಸಂಖ್ಯೆ ಇರುತ್ತದೆ, ತೂಕ ಸಾಮಾನ್ಯವಾಗಿ 135 ಕೆ.ಜಿ. ದಾಟಿರುತ್ತದೆ. ಕಬಡ್ಡಿ ನೋಡಿದವರಿಗೆ ಇವರ ಕಷ್ಟ ಬೇಗ ಅರ್ಥವಾಗುತ್ತದೆ. ಕೈ ಕೈ ಹಿಡಿದ ಸರಪಳಿಯಲ್ಲಿ ಒಬ್ಬ ಅರೆಕ್ಷಣ ಮೊದಲೇ ಕೈಬಿಟ್ಟರೆ ಉಳಿದವರು ಎಷ್ಟು ಗಟ್ಟಿಯಾಗಿದ್ದರೂ ರೈಡರ್ ಆ ಸಂದಿನಲ್ಲೇ ನುಸುಳುತ್ತಾನೆ. ಇಲ್ಲೂ ಹಾಗೆಯೇ: ನಾಲ್ವರು ಸರಿಯಾಗಿ ಆಡಿ ಐದನೆಯವನು ಎಡವಿದರೆ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ನೆಲ ಕಚ್ಚುತ್ತಾನೆ. ಚೆಂಡು ಹಿಡಿಯುವ ರಿಸೀವರ್‌ಗಳಲ್ಲಿ ಒಬ್ಬ ಪ್ರತಿಭಾವಂತ ಸಿಕ್ಕರೆ ಪಂದ್ಯ ಗೆಲ್ಲಬಹುದು. ಲೈನಿನಲ್ಲಿ ಮಾತ್ರ ಅತ್ಯಂತ ದುರ್ಬಲನೇ ಇಡೀ ಗುಂಪಿನ ಮಟ್ಟವನ್ನು ನಿರ್ಧರಿಸುತ್ತಾನೆ.

ಹಾಗಾಗಿ ಪಳಗಿದ ಅಭಿಮಾನಿಗಳು ‘ಐದು ಜನ ಯಾರು’ ಅನ್ನುವುದಕ್ಕಿಂತ ‘ಆರನೆಯವನು, ಏಳನೆಯವನು ಯಾರು’ ಅಂತ ಕೇಳುತ್ತಾರೆ. 2024ರಲ್ಲಿ ಆದದ್ದು ನೋಡಿ. ಅಕ್ಟೋಬರ್ 12ರಂದು ಆರೆಗಾನ್‌ನಲ್ಲಿ 32-31ರಿಂದ ಸೋತ ಪಂದ್ಯದಲ್ಲಿ ಎಡ ಟ್ಯಾಕಲ್ ಜಾಶ್ ಸಿಮನ್ಸ್ ಮೊಣಕಾಲು ಪೆಟ್ಟಾಗಿ ಋತುವಿಡೀ ಹೊರಬಿದ್ದರು. ಬದಲಿಗೆ ಬಂದ ಜೆನ್ ಮಿಕಾಲ್‌ಸ್ಕಿ ನೆಬ್ರಾಸ್ಕ ಎದುರು ಒದ್ದಾಡಿದರು, ಆಮೇಲೆ ಗಾಯಗೊಂಡರು. ನವೆಂಬರ್ 2ರ ಪೆನ್ ಸ್ಟೇಟ್ ಪಂದ್ಯಕ್ಕೆ ಎಡ ಗಾರ್ಡ್ ಡಾನವನ್ ಜಾಕ್ಸನ್ ಅವರನ್ನೇ ತುದಿಗೆ ತಳ್ಳಿದರು. ಎದುರಿಗಿದ್ದವರು ಅಬ್ದುಲ್ ಕಾರ್ಟರ್, ಮುಂದೆ 2025ರ ಎನ್‌ಎಫ್‌ಎಲ್ ಡ್ರಾಫ್ಟಿನಲ್ಲಿ (ವೃತ್ತಿಪರ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವುದು) ಮೂರನೆಯವರಾಗಿ ಆಯ್ಕೆಯಾದವರು!

ಗಾರ್ಡ್‌ನಿಂದ ಟ್ಯಾಕಲ್‌ಗೆ ಹೋಗುವುದೆಂದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಕೆಲಸ ಪೂರ್ತಿ ಬೇರೆ. ಗಾರ್ಡ್‌ಗೆ ಎದುರಾಳಿ ಮೂಗಿನ ತುದಿಯಲ್ಲಿರುತ್ತಾನೆ, ಎರಡೂ ಪಕ್ಕದಲ್ಲಿ ನೆರವಿರುತ್ತದೆ, ತೋಳು ಮತ್ತು ಸೊಂಟದ ಬಲದ ಮೇಲೆ ಬದುಕಬಹುದು. ಟ್ಯಾಕಲ್ ಒಂಟಿ. ಚೆಂಡು ಸ್ನ್ಯಾಪ್ ಆದೊಡನೆ (ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡಿದೊಡನೆ) ಅವನು ಹಿಂದಕ್ಕೂ ಹೊರಕ್ಕೂ ಓರೆಯಾಗಿ ಜಾರುತ್ತಾ, ಓಡಿಬರುವವನಿಗಿಂತ ಮೊದಲೇ ಒಂದು ಜಾಗ ತಲುಪಬೇಕು. ತೀರಾ ಬೇಗ ಹಿಂದಕ್ಕೆ ಹೋದರೆ ಎದುರಾಳಿ ಒಳಗಿನಿಂದ ನುಗ್ಗುತ್ತಾನೆ, ತಡವಾದರೆ ಹೊರಗಿನಿಂದ ಬಾಗಿ ಸುತ್ತಿಬರುತ್ತಾನೆ. ಆ ದೂರದ ಅಂದಾಜು ಸಾವಿರಾರು ಸಲ ಮಾಡಿ ಕಾಲಿಗೆ ಕೂರಬೇಕಾದದ್ದು. ಜಾಕ್ಸನ್ ಆ ದಿನ ಆರಂಭದಲ್ಲಿ ತಿಣುಕಿದರು, ಆಮೇಲೆ ಕುದುರಿಕೊಂಡರು. ತಂಡ 20-13ರಿಂದ ಗೆದ್ದಿತು. ಕೊನೆಯಲ್ಲಿ 5 ನಿಮಿಷ 13 ಸೆಕೆಂಡ್ ಉಳಿದಿದ್ದಾಗ ತನ್ನದೇ ಗೋಲ್ ಗೆರೆಯ ಹತ್ತಿರ ಚೆಂಡು ಪಡೆದು, ಒಂದೂ ಪಾಸ್ ಎಸೆಯದೆ ಬರೀ ಓಡಿ ಗಡಿಯಾರ ಮುಗಿಸಿತು. ಲೈನ್ ಮೇಲೆ ನಂಬಿಕೆ ಇಡುವವರು ಇಂದಿಗೂ ಆ ಕೊನೆಯ ಓಟಗಳ ಸರಣಿಯನ್ನೇ ಎತ್ತಿ ಹೇಳುತ್ತಾರೆ.

ಅಷ್ಟರಲ್ಲಿ ಇನ್ನೊಂದು. ನವೆಂಬರ್‌ನಲ್ಲಿ, ಇಂಡಿಯಾನಾ ಪಂದ್ಯದ ವಾರ, ಸೆಂಟರ್ ಸೆಥ್ ಮೆಕ್‌ಲಾಫ್ಲಿನ್ ಅಭ್ಯಾಸದಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡರು. ಇವರು ಅಲಬಾಮಾದಿಂದ ಬಂದಾಗ ಇಲ್ಲಿ ಸಂಶಯವೇ ಹೆಚ್ಚಿತ್ತು, ಯಾಕೆಂದರೆ 2024ರ ಜನವರಿ 1ರ ರೋಸ್ ಬೌಲ್‌ನಲ್ಲಿ ಅವರ ಸ್ನ್ಯಾಪ್‌ಗಳು ಹಳಿ ತಪ್ಪಿದ್ದನ್ನು ಎಲ್ಲರೂ ನೋಡಿದ್ದರು. ಆದರೆ ಅದೇ ವರ್ಷದ ಅತ್ಯುತ್ತಮ ಸೆಂಟರ್‌ಗೆ ಕೊಡುವ ರಿಮಿಂಗ್ಟನ್ ಟ್ರೋಫಿ ಅವರಿಗೇ ಬಂತು. ಅಭಿಮಾನಿಯ ಅಂದಾಜು ಎಷ್ಟು ಕೈಕೊಡಬಹುದು ನೋಡಿ. ಅವರು ಬಿದ್ದಾಗ ಎಡ ಗಾರ್ಡ್ ಆಗಿದ್ದ ಕಾರ್ಸನ್ ಹಿಂಜ್‌ಮನ್ ಸೆಂಟರ್‌ಗೆ ಸರಿದರು, ಎಡ ಗಾರ್ಡ್ ಜಾಗಕ್ಕೆ ಲೂಕ್ ಮಾಂಟ್ಗೊಮರಿ, ಆಸ್ಟಿನ್ ಸಿಯರ್‌ವೆಲ್ಡ್ ಬಂದರು. ಯೋಜನೆಯಲ್ಲಿದ್ದ ಐವರಲ್ಲಿ ತಮ್ಮ ತಮ್ಮ ಜಾಗದಲ್ಲೇ ಉಳಿದವರು ಬಲಗಡೆಯ ಇಬ್ಬರು ಮಾತ್ರ: ಗಾರ್ಡ್ ಟೆಗ್ರಾ ಷಬೋಲಾ, ಟ್ಯಾಕಲ್ ಜಾಶ್ ಫ್ರೈಯರ್.

ಇದರಿಂದ ಕಲಿಯಬೇಕಾದ ಲೆಕ್ಕ ಒಂದಿದೆ. ಒಬ್ಬ ಬಿದ್ದರೆ ಎಷ್ಟು ಜಾಗಗಳು ಬದಲಾಗುತ್ತವೆ ಅಂತ ಎಣಿಸಿ. ಒಂದೇ ಆದರೆ ತಂಡದಲ್ಲಿ ಆಳವಿದೆ. ಒಬ್ಬನಿಗಾಗಿ ಎರಡು ಮೂರು ಜಾಗ ಅಲುಗಾಡಿದರೆ ಅದು ತೇಪೆ. ನನ್ನ ಮಟ್ಟಿಗೆ ನಂಬಬಹುದಾದ ಎಂಟು ಜನ ಬೇಕು, ಅದರಲ್ಲಿ ಎಡಕ್ಕೂ ಬಲಕ್ಕೂ ಆಡಬಲ್ಲ ಒಬ್ಬ ಟ್ಯಾಕಲ್ ಕಡ್ಡಾಯ. ಗಾರ್ಡ್‌ಗಳನ್ನು ಹೇಗಾದರೂ ಹೊಂದಿಸಬಹುದು, ಒಳ್ಳೆಯ ಟ್ಯಾಕಲ್‌ಗೆ ಮಾತ್ರ ಎಲ್ಲೆಲ್ಲೂ ಬರ.

ಈಗ ಮಿಶಿಗನ್ ಪಂದ್ಯ. ಒಹಾಯೊ ಸ್ಟೇಟ್ ಆ ದಿನ 26 ಸಲ ಓಡಿ ಗಳಿಸಿದ್ದು 77 ಗಜ, ಸರಾಸರಿ ಮೂರು ಗಜಕ್ಕೂ ಕಡಿಮೆ. ಎದುರಿಗೆ ನಡುವಿನಲ್ಲಿ ನಿಂತವರು ಮೇಸನ್ ಗ್ರಹಾಂ ಮತ್ತು ಕೆನೆತ್ ಗ್ರಾಂಟ್, ಇಬ್ಬರೂ ಮುಂದಿನ ಡ್ರಾಫ್ಟಿನ ಮೊದಲ ಸುತ್ತಿನಲ್ಲೇ ಹೋದವರು. ಇಂಥವನೊಬ್ಬನನ್ನು ಕದಲಿಸಲು ಸೆಂಟರ್ ಮತ್ತು ಗಾರ್ಡ್ ಜೋಡಿಯಾಗಿ ತಳ್ಳಬೇಕು, ಅದಕ್ಕೆ ಡಬಲ್ ಟೀಮ್ ಅನ್ನುತ್ತಾರೆ. ಆದರೆ ಜೋಡಿಯ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಒಂದು ಕ್ಷಣ ಇಬ್ಬರೂ ತಳ್ಳಿ, ಅವನು ಅಲುಗಾಡಿದೊಡನೆ ಒಬ್ಬ ಬಿಟ್ಟು ಮುಂದೆ ಹೋಗಿ ಎದುರಾಳಿಯ ಎರಡನೆಯ ಸಾಲಿನ ಲೈನ್‌ಬ್ಯಾಕರನ್ನು ತಡೆಯಬೇಕು. ಎದುರಾಳಿ ಅಲುಗದಿದ್ದರೆ? ಬಿಟ್ಟು ಹೋದರೆ ಅವನೇ ಒಳನುಗ್ಗುತ್ತಾನೆ, ಬಿಡದಿದ್ದರೆ ಲೈನ್‌ಬ್ಯಾಕರ್ ಬಂದು ಓಡುವವನನ್ನು ಒಂದೆರಡು ಗಜದಲ್ಲೇ ಕೆಡವುತ್ತಾನೆ. ಹೊಸದಾಗಿ ಜೋಡಿಸಿದ ಸೆಂಟರ್-ಗಾರ್ಡ್ ಜೋಡಿಗೆ ಈ ‘ಯಾವಾಗ ಬಿಡಬೇಕು’ ಅನ್ನುವುದೇ ಕೊನೆಗೆ ಕೂಡಿಬರುವ ವಿದ್ಯೆ. ಆ ಜೋಡಿಯನ್ನು, ಆ ಇಬ್ಬರ ಮೇಲೆ, ಕೋಚ್ ಮತ್ತೆ ಮತ್ತೆ ನಡುವಿಗೇ ನುಗ್ಗಿಸಿದರು. ಅದೂ ಮಿಶಿಗನ್‌ನ ರಿಸೀವರ್‌ಗಳನ್ನು ಕಾಯುವ ಮುಖ್ಯ ಕಾರ್ನರ್‌ಬ್ಯಾಕ್ ವಿಲ್ ಜಾನ್ಸನ್ ಗಾಯದಿಂದ ಹೊರಗಿದ್ದ ದಿನ, ಹೊರಗಡೆ ಜೆರೆಮಯ ಸ್ಮಿತ್‌ನಂಥ ರಿಸೀವರ್ ಇದ್ದಾಗ. ಇದನ್ನು ಲೈನಿನ ಸೋಲು ಅನ್ನುವುದಕ್ಕಿಂತ ಹಟದ ಸೋಲು ಅನ್ನುವುದು ನ್ಯಾಯ. (ಮಿಶಿಗನ್ ಪಂದ್ಯದ ವಾರ ಕ್ಯಾಂಪಸ್ಸಿನ ಫಲಕಗಳಲ್ಲಿ ‘ಎಂ’ ಅಕ್ಷರದ ಮೇಲೆಲ್ಲ ಕೆಂಪು ಟೇಪ್ ಕಂಡರೆ ಗಾಬರಿಯಾಗಬೇಡಿ. ಹಳಬರು ಎದುರಾಳಿಯ ಹೆಸರನ್ನೂ ಹೇಳುವುದಿಲ್ಲ, ‘ಆ ಉತ್ತರದ ತಂಡ’ ಅನ್ನುತ್ತಾರೆ.)

ಪ್ಲೇಆಫ್‌ನಲ್ಲಿ (ಋತುವಿನ ಕೊನೆಯ ನಾಕೌಟ್ ಪಂದ್ಯಗಳಲ್ಲಿ) ಬದಲಾದದ್ದು ಕ್ರಮ. ಮೊದಲು ಪಾಸ್, ಆಮೇಲೆ ಓಟ. ಟೆನೆಸೀ ಎದುರು 42-17, ಆರೆಗಾನ್ ಎದುರು 41-21, ಟೆಕ್ಸಸ್ ಎದುರು 28-14. ಪಾಸ್‌ನ ಭಯ ಹುಟ್ಟಿದರೆ ಎದುರಾಳಿಯ ಸೇಫ್ಟಿಗಳು (ಕೊನೆಯ ಸಾಲಿನ ಕಾವಲುಗಾರರು) ಹಿಂದೆ ಸರಿಯುತ್ತಾರೆ, ನಡುವಿನ ಜನಸಂದಣಿ ಕರಗುತ್ತದೆ, ಅದೇ ಐವರ ಮುಂದೆ ಅದೇ ಓಟಕ್ಕೆ ದಾರಿ ತೆರೆಯುತ್ತದೆ. ಅಂತಿಮ ಪಂದ್ಯದಲ್ಲಿ ಕ್ವಾರ್ಟರ್‌ಬ್ಯಾಕ್ ವಿಲ್ ಹವರ್ಡ್ 21ರಲ್ಲಿ 17 ಪಾಸ್ ಮುಟ್ಟಿಸಿದರು, ಕ್ವಿನ್‌ಶಾನ್ ಜಡ್ಕಿನ್ಸ್ 11 ಓಟಗಳಲ್ಲಿ 100 ಗಜ ಓಡಿದರು. ಏಪ್ರಿಲ್‌ನ ಡ್ರಾಫ್ಟಿನಲ್ಲಿ ಜಾಕ್ಸನ್ 24ನೆಯವರಾಗಿ, ಋತುವಿನ ಅರ್ಧ ಆಡದ ಸಿಮನ್ಸ್ 32ನೆಯವರಾಗಿ ಮೊದಲ ಸುತ್ತಿನಲ್ಲೇ ಹೋದರು.

ಇನ್ನು ನೋಡುವ ವಿಧಾನ. ಸ್ನ್ಯಾಪ್‌ಗೆ ಮೊದಲು ಎರಡು ಸಂಖ್ಯೆ ಎಣಿಸಿ. ಒಂದು, ತಡೆಯುವವರು: ಐವರು, ಜೊತೆಗೆ ಲೈನಿಗೆ ಅಂಟಿ ನಿಂತ ಟೈಟ್ ಎಂಡ್ (ತಡೆಯುವುದೂ ಪಾಸ್ ಹಿಡಿಯುವುದೂ ಎರಡನ್ನೂ ಮಾಡುವವನು) ಇದ್ದರೆ ಆರು. ಎರಡು, ಎರಡು ಟ್ಯಾಕಲ್‌ಗಳ ನಡುವೆ ಐದಾರು ಗಜದೊಳಗೆ ನಿಂತ ಎದುರಾಳಿಗಳು, ಇದನ್ನು ಬಾಕ್ಸ್ ಅನ್ನುತ್ತಾರೆ. ಆರು ಜನ ತಡೆಯಲು, ಬಾಕ್ಸಿನಲ್ಲಿ ಆರು: ಓಟ ನ್ಯಾಯ, ವಿಫಲವಾದರೆ ಲೈನನ್ನು ಕೇಳಿ. ಐವರು ತಡೆಯಲು, ಬಾಕ್ಸಿನಲ್ಲಿ ಏಳು: ಇಬ್ಬರನ್ನು ತಡೆಯುವವರೇ ಇಲ್ಲ, ಲೈನನ್ನು ಬೈದು ಪ್ರಯೋಜನವಿಲ್ಲ. ಒಬ್ಬನನ್ನಾದರೆ ಕ್ವಾರ್ಟರ್‌ಬ್ಯಾಕ್ ತಾನೇ ಓಡುವ ಬೆದರಿಕೆಯಿಂದ ನಿಲ್ಲಿಸಿಕೊಳ್ಳಬಹುದು, ಇಬ್ಬರನ್ನು ಆಗುವುದಿಲ್ಲ.

ಸ್ನ್ಯಾಪ್ ಆದ ಮೊದಲ ಒಂದು ಸೆಕೆಂಡ್ ಚೆಂಡನ್ನು ಮರೆತು ಸೆಂಟರ್ ಮತ್ತು ಗಾರ್ಡ್‌ಗಳ ಹೆಲ್ಮೆಟ್ ನೋಡಿ. ಹೆಲ್ಮೆಟ್ ಮೇಲೆದ್ದು ಹಿಂದೆ ಬಂದರೆ ಪಾಸ್, ತಗ್ಗಿ ಮುಂದೆ ನುಗ್ಗಿದರೆ ಓಟ. ಓಟದಲ್ಲಿ ಆ ಮೂರು ಹೆಲ್ಮೆಟ್‌ಗಳು ಸ್ನ್ಯಾಪ್ ಗೆರೆ ದಾಟಿ ಒಂದು ಗಜವಾದರೂ ಆಚೆ ಇದ್ದರೆ ಲೈನ್ ಗೆದ್ದಿದೆ, ಓಡಿದವನು ಎಡವಿ ಬಿದ್ದಿದ್ದರೂ ಸರಿ.

ಸ್ಯಾಕ್ ಆದಾಗ, ಅಂದರೆ ಪಾಸ್ ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕನ್ನು ಕೆಡವಿದಾಗ, ತೀರ್ಪು ಕೊಡಲು ಆತುರ ಬೇಡ. ಮನಸ್ಸಿನಲ್ಲೇ ‘ಒಂದು, ಎರಡು, ಮೂರು’ ಎಣಿಸಿ. ಎರಡೂವರೆ ಸೆಕೆಂಡಿನೊಳಗೆ ಒಬ್ಬನ ಮೇಲೆ ಒಬ್ಬ ಗೆದ್ದು ಬಂದಿದ್ದರೆ ಅದು ಆ ಲೈನ್‌ಮನ್ ತಪ್ಪು. ನಾಲ್ಕು ಸೆಕೆಂಡ್ ಚೆಂಡು ಹಿಡಿದು ನಿಂತಿದ್ದರೆ ಕ್ವಾರ್ಟರ್‌ಬ್ಯಾಕ್ ತಪ್ಪು. ಇಬ್ಬರು ಎದುರಾಳಿಗಳು ಕತ್ತರಿಯಂತೆ ಅಡ್ಡ ದಾಟಿ, ನಮ್ಮ ಇಬ್ಬರೂ ಒಬ್ಬನ ಹಿಂದೆಯೇ ಹೋಗಿದ್ದರೆ ಮಾತುಕತೆಯ ತಪ್ಪು. ಇದಕ್ಕೆ ಸ್ಟಂಟ್ ಅನ್ನುತ್ತಾರೆ, ಹೊಸ ಜೋಡಿ ಇದರಲ್ಲೇ ಮೊದಲು ಸಿಕ್ಕಿಬೀಳುವುದು. ಯಾರೂ ಮುಟ್ಟದೆ ಒಬ್ಬ ನೇರವಾಗಿ ನಡೆದು ಬಂದರೆ ಸೆಂಟರ್ ಹೇಳಿದ ಸೂಚನೆ ತಪ್ಪಿರಬಹುದು, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಅವನನ್ನು ತಡೆಯಲು ಮರೆತಿರಬಹುದು. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಓಡುವುದರಿಂದ ಗೋಲ್ ಕಡೆಯಿಂದ ತೆಗೆದ ಮರುಪ್ರಸಾರ ಬಂದಾಗ ಮಾತ್ರ ಇದು ಸ್ಪಷ್ಟವಾಗುತ್ತದೆ.

ಕ್ರೀಡಾಂಗಣಕ್ಕೆ ಹೋದರೆ ಒಂದು ಶಿಸ್ತು: ನಮ್ಮ ತಂಡದ ಕೈಲಿ ಚೆಂಡಿದ್ದಾಗ ಕೂಗಬೇಡಿ. ಗದ್ದಲದಲ್ಲಿ ಟ್ಯಾಕಲ್‌ಗೆ ಕ್ವಾರ್ಟರ್‌ಬ್ಯಾಕ್ ಕರೆ ಕೇಳಿಸದೆ ಚೆಂಡು ಅಲುಗುವುದನ್ನು ಕಣ್ಣಲ್ಲಿ ನೋಡಿ ಹೊರಡಬೇಕಾಗುತ್ತದೆ. ಆ ಚೂರು ತಡವೇ ಎದುರಾಳಿಗೆ ಲಾಭ. ಊಹಿಸಿ ಮೊದಲೇ ಅಲುಗಿದರೆ ಫಾಲ್ಸ್ ಸ್ಟಾರ್ಟ್, ಐದು ಗಜ ಹಿಂದಕ್ಕೆ. ಅವರ ಕೈಲಿ ಚೆಂಡಿದ್ದಾಗ ಗಂಟಲು ಹರಿಯುವಷ್ಟು ಕೂಗಿ.

ಹೊಸ ಋತುವಿಗೆ ಮೊದಲು ಹಬ್ಬುವ ಆಸೆಗಳಲ್ಲಿ ಯಾವುದನ್ನು ನಂಬಬೇಕು? ವಸಂತದ ಅಭ್ಯಾಸ ಪಂದ್ಯವನ್ನು ನಂಬಬೇಡಿ. ಅಲ್ಲಿ ಕ್ವಾರ್ಟರ್‌ಬ್ಯಾಕನ್ನು ಕೆಡವುವುದಿಲ್ಲ, ಎದುರಿಗಿರುವವರೂ ನಮ್ಮವರೇ, ಲೈನ್ ಚೆನ್ನಾಗಿ ಕಂಡರೆ ನಮ್ಮ ಡಿಫೆನ್ಸ್ ಸೊರಗಿದೆ ಅಂತಲೂ ಅರ್ಥವಾಗಬಹುದು. ಹದಿನೆಂಟರ ಹುಡುಗನ ಐದು ನಕ್ಷತ್ರದ ರೇಟಿಂಗ್ ನೋಡಿ ಕುಣಿಯಬೇಡಿ, ಲೈನ್‌ಮನ್ ಮಾಗಲು ಎರಡು ಮೂರು ವರ್ಷ ಬೇಕು. ಬೇರೆ ಕಾಲೇಜಿನಿಂದ ವರ್ಗವಾಗಿ ಬಂದವನಾದರೆ ಅಲ್ಲಿ ಯಾವ ಜಾಗದಲ್ಲಿ, ಎಷ್ಟು ಪಂದ್ಯ ಆರಂಭಿಸಿದ್ದ ಅಂತ ನೋಡಿ. ಬಲ ಟ್ಯಾಕಲ್ ಆಗಿದ್ದವನನ್ನು ಎಡಕ್ಕೆ ಹಾಕುತ್ತಿದ್ದರೆ ಹೆಜ್ಜೆಯೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗುತ್ತದೆ. ತಂಡದ ಪಟ್ಟಿಯಲ್ಲಿ ಒಂದೇ ಜಾಗಕ್ಕೆ ಇಬ್ಬರ ಹೆಸರು ಬರೆದು ನಡುವೆ ‘ಅಥವಾ’ ಹಾಕಿದ್ದರೆ, ಕೋಚ್ ಅದನ್ನು ಪೈಪೋಟಿ ಅನ್ನುತ್ತಾರೆ. ಆಗಸ್ಟ್ ಕೊನೆಗೂ ಅದು ಹಾಗೇ ಇದ್ದರೆ ಇಬ್ಬರೂ ಮನಸ್ಸಿಗೆ ಬಂದಿಲ್ಲ ಅಂತ ನಾನು ಓದಿಕೊಳ್ಳುತ್ತೇನೆ.

ಸೆಪ್ಟೆಂಬರ್‌ನ ಸುಲಭ ಎದುರಾಳಿಗಳ ಮೇಲೆ ಓಡಿದ ಗಜಗಳನ್ನೂ ಲೆಕ್ಕಕ್ಕೆ ಇಡಬೇಡಿ. ಒಂದೇ ಒಂದು ಸನ್ನಿವೇಶ ಬರೆದಿಟ್ಟುಕೊಳ್ಳಿ: ಮೂರನೆಯ ಯತ್ನ (ಹತ್ತು ಗಜ ಮುಂದೆ ಹೋಗಲು ಸಿಗುವುದು ನಾಲ್ಕು ಯತ್ನ), ಬೇಕಾದ್ದು ಒಂದು ಗಜ, ಓಟ ಬರುವುದು ಎಲ್ಲರಿಗೂ ಗೊತ್ತು. ಅದು ಎಷ್ಟು ಸಲ ಸಿಕ್ಕಿತು, ಯಾರ ಬೆನ್ನ ಹಿಂದೆ ಸಿಕ್ಕಿತು, ಯಾರ ಜಾಗದಲ್ಲಿ ಕೈತಪ್ಪಿತು. ನಾಲ್ಕು ಪಂದ್ಯ ಮುಗಿಯುವಷ್ಟರಲ್ಲಿ ಗುಂಪಿನಲ್ಲಿ ದುರ್ಬಲ ಯಾರೆಂದು ನಿಮಗೇ ಗೊತ್ತಾಗಿರುತ್ತದೆ. ಎದುರಾಳಿ ಕೋಚ್‌ಗೂ ಅಷ್ಟೊತ್ತಿಗೆ ಗೊತ್ತಾಗಿರುತ್ತದೆ, ಅಕ್ಟೋಬರ್‌ನಿಂದ ಅವನು ತನ್ನ ಬಲಿಷ್ಠನನ್ನು ತಂದು ನಿಲ್ಲಿಸುವುದು ಅದೇ ಜಾಗದೆದುರು.