ಬ್ರಿಟನ್‌ನ ಎನ್‌ಎಚ್‌ಎಸ್‌ನಲ್ಲಿ ಚಿಕಿತ್ಸೆ ನಿಜಕ್ಕೂ ಹೇಗೆ ಸಿಗುತ್ತದೆ?

ಎನ್‌ಎಚ್‌ಎಸ್ ಅಂದರೆ ಬ್ರಿಟನ್‌ನ ಸರ್ಕಾರಿ ಆರೋಗ್ಯ ಸೇವೆ. ಅದರ ದುಡ್ಡು ಮೊದಲೇ ತೆರಿಗೆಯಲ್ಲಿ ಹೋಗಿರುತ್ತದೆ, ಹಾಗಾಗಿ ಅಲ್ಲಿನ ನಿವಾಸಿಗಳಿಗೆ ಡಿಸ್ಚಾರ್ಜ್ ಆಗುವಾಗ ಯಾರೂ ಬಿಲ್ ಕೊಡುವುದಿಲ್ಲ. 1948ರ ಜುಲೈ 5ರಿಂದ ಇದೇ ಪದ್ಧತಿ.

ಆದರೆ ಸುಮ್ನೆ ಎದ್ದು ಸ್ಪೆಷಲಿಸ್ಟ್ ಹತ್ತಿರ ಹೋಗಲು ಸಾಮಾನ್ಯವಾಗಿ ಆಗುವುದಿಲ್ಲ. ಮನೆ ಹತ್ತಿರದ ಜಿಪಿ, ಅಂದರೆ ನಮ್ಮ ಫ್ಯಾಮಿಲಿ ಡಾಕ್ಟರ್ ಥರದವರು, ಅವರ ಕ್ಲಿನಿಕ್‌ನಲ್ಲಿ ಹೆಸರು ಬರೆಸಿರಬೇಕು. ಮಂಡಿ ನೋವು ಅಂದರೆ ಮೊದಲು ಅವರೇ ನೋಡಿ, ಮಾತ್ರೆಯೋ ವ್ಯಾಯಾಮವೋ ಸಾಲದಿದ್ದರೆ ಆಸ್ಪತ್ರೆಗೆ ಬರೆದು ಕಳಿಸುತ್ತಾರೆ, ಆಮೇಲೆ ಶುರು ಕಾಯುವ ಕೆಲಸ. 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಅನ್ನುವುದು ಇಂಗ್ಲೆಂಡಿನ ಗುರಿ, ಎಷ್ಟೋ ಜನಕ್ಕೆ ಅದಕ್ಕಿಂತ ಜಾಸ್ತಿಯೇ ಹಿಡಿಯುತ್ತದೆ. ಎದೆನೋವು, ಅಪಘಾತ ಅಂದರೆ ನೇರ 999ಕ್ಕೆ ಫೋನ್.

ಎಲ್ಲವೂ ಪುಕ್ಕಟೆ ಅಂತಲೂ ಅಲ್ಲ. ಇಂಗ್ಲೆಂಡಿನಲ್ಲಿ ಹೊರಗಿನ ಔಷಧಿ ಅಂಗಡಿಯಲ್ಲಿ ಚೀಟಿಯ ಒಂದೊಂದು ಔಷಧಿಗೂ ಇಷ್ಟು ಅಂತ ಶುಲ್ಕ, ಮಕ್ಕಳಿಗೆ, 60 ದಾಟಿದವರಿಗೆ ಮಾಫಿ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಯಾರಿಗೂ ಇಲ್ಲ.