ಡೌನ್‌ಲೋಡ್ ಮಾತ್ರ ಇರುವ ಹ್ಯಾಂಡ್‌ಹೆಲ್ಡ್‌ಗೆ 256 ಜಿಬಿ ಸಾಕಾ, 512 ಬೇಕಾ?

ಡಿಸ್ಕ್, ಕಾರ್ಡ್ ಏನೂ ಹಾಕಲಾಗದ ಗೇಮ್ ಮಶೀನನ್ನು ಮಗನಿಗೆ ಕೊಡಿಸಬೇಕು, ಎಷ್ಟು ಜಿಬಿಯದು ತಗೊಳ್ಳಲಿ ಅಂತ ಕೇಳಿದ್ದೀರಿ. 2010ರಲ್ಲಿ ನಾನೂ ಇದನ್ನೇ ಕೇಳಿಕೊಂಡು ಓಡಾಡಿದ್ದೆ. ಜಿಬಿ ಬಿಡಿ, ಅದು ವಿಷಯವೇ ಅಲ್ಲ.

ಆಗ ಮುಂಬೈಯಲ್ಲಿದ್ದೆ, ಮನೆ ಡೊಂಬಿವಲಿಯಲ್ಲಿ, ಕೆಲಸ ಅಂಧೇರಿಯಲ್ಲಿ. ಲೋಕಲ್‌ನಲ್ಲಿ ಸೀಟು ಸಿಕ್ಕ ದಿನ ಕೈಯಲ್ಲಿ ಸೋನಿಯ ಗೇಮ್ ಮಶೀನ್ ಪಿಎಸ್‌ಪಿ 3000. ಭಾನುವಾರ ಗೆಳೆಯರು ಮಾಟುಂಗಾದಲ್ಲಿ ಇಡ್ಲಿಗೆ ಸೇರುತ್ತಿದ್ದೆವು. ಅಲ್ಲೇ ಅದರ ಆಟಗಳಿದ್ದ ಯುಎಂಡಿ ಡಿಸ್ಕ್ ಅದಲುಬದಲು. ಒಂದು ಆಟದ ದುಡ್ಡಿನಲ್ಲಿ ನಾಲ್ಕು ಆಟ ಆಡಿದ್ದೇವೆ.

ಅಷ್ಟರಲ್ಲಿ ಡೌನ್‌ಲೋಡ್ ಮಾಡಿಯೇ ಆಡಬೇಕಾದ ಪಿಎಸ್‌ಪಿ ಗೋ ಬಂತು. 2009ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಅದಕ್ಕೆ 250 ಡಾಲರ್. ಡಿಸ್ಕ್ ಹಾಕುವ 3000ಕ್ಕೆ 170. ಡಿಸ್ಕಿನ ಜಾಗ ಕಿತ್ತುಹಾಕಿ ಬೆಲೆ ಜಾಸ್ತಿ ಮಾಡಿದ್ದಾರೆ, ನಮ್ಮ ಹಳೆಯ ಡಿಸ್ಕ್‌ಗಳನ್ನು ಏನು ಮಾಡಬೇಕು ಅಂತ ಜನ ಬೈದರು. ಅದನ್ನೆಲ್ಲ ಓದಿಯೂ ನಾನು ಕೊಂಡೆ. ಸ್ಕ್ರೀನ್ ಮೇಲಕ್ಕೆ ಜಾರಿಸಿದರೆ ಕೆಳಗೆ ಬಟನ್! ಒಳಗೆ 16 ಜಿಬಿ! 3000 ಜೊತೆಗೆ ಹನ್ನೊಂದು ಡಿಸ್ಕ್ ಲ್ಯಾಮಿಂಗ್ಟನ್ ರೋಡಿನಲ್ಲಿ ಮಾರಿ, ದುಬೈಯಿಂದ ಬರುತ್ತಿದ್ದ ಭಾವನ ಕೈಲಿ ಗೋ ತರಿಸಿದೆ. ಮನೆಯ ನೆಟ್ 256 ಕೆಬಿಪಿಎಸ್. ಒಂದು ಜಿಬಿ ಇಳಿಯಲು ಸುಮಾರು 9 ಗಂಟೆ. ಅದನ್ನೂ ಸಹಿಸಿಕೊಂಡೆ.

ಕೆಟ್ಟದ್ದು ಬೇರೆ ಕಡೆ. ಆಟ ಕೊಂಡು ಇಳಿಸಲು ಬೇಕಾದ ಅಕೌಂಟ್ ಮಾಡಿದ್ದು ಆಫೀಸಿನ ಮೇಲ್ ಐಡಿಯಲ್ಲಿ. ಯಾಕೆ ಅಂದರೆ ದಿನವಿಡೀ ತೆರೆದಿರುತ್ತಿದ್ದದ್ದು ಅದೇ. ನನ್ನದೇ ಆದ ಐಡಿ ಇತ್ತು, ಅದು ಮದುವೆ ಫೋಟೋ ಫಾರ್ವರ್ಡ್‌ಗಳಿಂದ ತುಂಬಿಹೋಗಿತ್ತು. ಆಫೀಸ್ ಐಡಿ ಅಚ್ಚುಕಟ್ಟು, ಬಿಲ್ ಬಂದರೆ ತಕ್ಷಣ ಕಾಣುತ್ತೆ ಅಂತ ಲೆಕ್ಕ. 2012ರಲ್ಲಿ ಆ ಕೆಲಸ ಬಿಟ್ಟೆ. ಹೊಸ ಲ್ಯಾಪ್‌ಟಾಪ್, ಹೊಸ ಐಡಿ. ಗೇಮ್ ಅಕೌಂಟ್ ನೆನಪಿಗೇ ಬರಲಿಲ್ಲ, ಯಾಕೆಂದರೆ ಗೋ ಪಾಸ್‌ವರ್ಡ್ ಕೇಳುತ್ತಲೇ ಇರಲಿಲ್ಲ. ಆಮೇಲೊಮ್ಮೆ ಅದು ಪದೇ ಪದೇ ಹ್ಯಾಂಗ್ ಆಯಿತು. ಫಾರ್ಮ್ಯಾಟ್ ಮಾಡಿದೆ. ಆಗ ಕೇಳಿತು. ಮರೆತುಹೋಗಿತ್ತು. ರಿಸೆಟ್ ಲಿಂಕ್ ಹೋಗುವುದು ಹಳೇ ಆಫೀಸಿಗೆ. ಹಳೇ ಸಹೋದ್ಯೋಗಿಗೆ ಫೋನ್ ಮಾಡಿದರೆ, "ನಿನ್ನ ಐಡಿ ಅಳಿಸಿ ಆರು ತಿಂಗಳಾಯ್ತಲ್ಲ ಮಾರಾಯ" ಅಂದ. ಒಂಬತ್ತು ಆಟ, ಎಲ್ಲಾ ದುಡ್ಡು ಕೊಟ್ಟು ಕೊಂಡದ್ದು, ಹೋಯಿತು. ಅತ್ತ ಡಿಸ್ಕ್‌ಗಳೂ ಇಲ್ಲ. ಗೆಳೆಯ ಮಾಟುಂಗಾದಲ್ಲಿ ಇನ್ನೂ ಆಡುತ್ತಿದ್ದ.

ಪಿಎಸ್‌ಪಿಯಲ್ಲೇ ಹೊಸ ಆಟ ಕೊಳ್ಳುವ ಬಾಗಿಲು 2021ರ ಜುಲೈನಲ್ಲಿ ಮುಚ್ಚಿತು. ಮೊದಲೇ ಕೊಂಡದ್ದನ್ನು ಇಳಿಸಿಕೊಳ್ಳಬಹುದಿತ್ತು. ಅದಕ್ಕೂ ಅಕೌಂಟ್ ಬೇಕಲ್ವಾ?

ಹಾಗಾಗಿ ನನ್ನ ಮಾತು ಕೇಳಿದರೆ, ಕಾರ್ಡ್ ಹಾಕುವ ಮಶೀನನ್ನೇ ಕೊಡಿಸಿ, ಸೆಕೆಂಡ್ ಹ್ಯಾಂಡ್ ಆದರೂ ಸರಿ. ಈಗ ಅದರಲ್ಲೂ ಕಣ್ಣಿಟ್ಟು ನೋಡಬೇಕು. ನಿಂಟೆಂಡೊದ ಸ್ವಿಚ್ 2ರ ಗೇಮ್-ಕೀ ಕಾರ್ಡಿನಲ್ಲಿ ಆಟ ಇರುವುದಿಲ್ಲ, ಡೌನ್‌ಲೋಡೇ ಮಾಡಬೇಕು. ಆದರೆ ಆ ಕಾರ್ಡನ್ನು ಮಗ ಗೆಳೆಯನಿಗೆ ಕೊಡಬಹುದು, ಬೇಜಾರಾದರೆ ಮಾರಬಹುದು.

ಇಲ್ಲ, ಡೌನ್‌ಲೋಡಿನದ್ದೇ ಬೇಕು ಅಂತ ಮಗ ಹಟ ಹಿಡಿದರೆ 256 ತಗೊಳ್ಳಿ. ಅಕೌಂಟನ್ನು ನಿಮ್ಮ ಸ್ವಂತ ಮೇಲ್‌ನಲ್ಲಿ ಮಾಡಿ, ಅವನ ಸ್ಕೂಲ್ ಕೊಟ್ಟ ಐಡಿಯಲ್ಲಿ ಬೇಡವೇ ಬೇಡ. ಹುಟ್ಟಿದ ದಿನಾಂಕ ನಿಜವಾದ್ದೇ ಹಾಕಿ, ಪಾಸ್‌ವರ್ಡ್ ಮರೆತಾಗ ಅದನ್ನು ಕೇಳಬಹುದು. ನಾನು ಸುಮ್ನೆ ಯಾವುದೋ ಒತ್ತಿದ್ದೆ, ಅದು ಇವತ್ತಿಗೂ ನೆನಪಾಗಿಲ್ಲ.